ಮೂರೂರಿನ ಬಿಸಿಲು, ಒಂದೇ ಕೋಷ್ಟಕ

ಬೇಸಿಗೆ ರಜೆಯಲ್ಲಿ ಮೂವರು ವಿದ್ಯಾರ್ಥಿಗಳು ಬಿಸಿಲನ್ನು ಅಳೆಯಲು ಹೊರಟಿದ್ದಾರೆ ಎಂದುಕೊಳ್ಳೋಣ. ಒಬ್ಬಳು ಬಳ್ಳಾರಿ ನಗರದವಳು, ಒಬ್ಬ ಸಿರುಗುಪ್ಪದವನು, ಇನ್ನೊಬ್ಬಳು ಕುರುಗೋಡಿನವಳು. ಮೇ ತಿಂಗಳ 31 ದಿನವೂ ಒಂದೇ ಹೊತ್ತಿಗೆ ನೆರಳಿನಲ್ಲಿಟ್ಟ ತಾಪಮಾಪಕ ನೋಡಿ ಬರೆದುಕೊಳ್ಳುತ್ತಾರೆ. ಶಾಲೆ ತೆರೆದ ಮೇಲೆ ಅದೆಲ್ಲ ಕಂಪ್ಯೂಟರಿನ ಎಕ್ಸೆಲ್ ಹಾಳೆಗೆ ಏರಬೇಕು. ಎಡವಟ್ಟು ಶುರುವಾಗುವುದು ಇಲ್ಲಿಯೇ.

ಮಕ್ಕಳು ಈ ಹಾಳೆಯನ್ನು ನೋಟ್‌ಪುಸ್ತಕದಂತೆ ಬಳಸುತ್ತಾರೆ. ವಾರಕ್ಕೊಂದು ಖಾಲಿ ಸಾಲು, ಅಂಕಿಯ ಪಕ್ಕ ‘ಡಿಗ್ರಿ’ ಎಂಬ ಪದ. ಕಣ್ಣಿಗೆ ಎಲ್ಲವೂ ಚೆಂದ. ಆದರೆ ‘45 ಡಿಗ್ರಿ’ ಎಂದು ಬರೆದ ಮನೆ ಎಕ್ಸೆಲ್ ಪಾಲಿಗೆ ಸಂಖ್ಯೆಯಲ್ಲ, ಬರೀ ಅಕ್ಷರ. 40, 41, 45 ಇವುಗಳ ಸರಾಸರಿ 42. ಕೊನೆಯದು ‘45 ಡಿಗ್ರಿ’ ಎಂದಿದ್ದರೆ ಅದನ್ನು ಬಿಟ್ಟು 40.5 ಎಂಬ ಉತ್ತರ ಬರುತ್ತದೆ. ತಪ್ಪಾಗಿದೆ ಎಂಬ ಎಚ್ಚರಿಕೆಯೂ ಇಲ್ಲ! ಸುಡುಬಿಸಿಲಿನ ದಿನವೇ ಲೆಕ್ಕದಿಂದ ಜಾರಿರುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಮೊದಲ ಸಾಲಿನಲ್ಲಿ ಮೂರೇ ತಲೆಬರಹ: ದಿನಾಂಕ, ಊರು, ತಾಪಮಾನ. ‘ಡಿಗ್ರಿ ಸೆಲ್ಸಿಯಸ್’ ಎಂಬುದು ತಲೆಬರಹದಲ್ಲಿ ಒಮ್ಮೆ ಬಂದರೆ ಸಾಕು. ಕೆಳಗೆ ಒಂದು ಅಳತೆಗೆ ಒಂದು ಸಾಲು. ಮೂರೂರು, 31 ದಿನ, ಒಟ್ಟು 93 ಸಾಲು. ನಡುವೆ ಖಾಲಿ ಸಾಲು, ಖಾಲಿ ಕಾಲಂ ಇರಬಾರದು. ಮನೆಗಳನ್ನು ಬೆಸೆಯಲೂ ಬಾರದು.

ಬಳಿಕ ಇದರೊಳಗಿನ ಯಾವುದಾದರೂ ಮನೆಯ ಮೇಲೆ ಕ್ಲಿಕ್ ಮಾಡಿ, ಕಂಟ್ರೋಲ್ ಕೀಲಿಯೊಂದಿಗೆ ಟಿ ಅಕ್ಷರ ಒತ್ತಬೇಕು. ಮೂಡುವ ಪುಟ್ಟ ಕಿಟಕಿಯಲ್ಲಿ, ತಲೆಬರಹ ಇದೆ ಎಂಬಲ್ಲಿ ಗುರುತು ಹಾಕಿ ಓಕೆ ಎಂದರೆ ಕೋಷ್ಟಕ ಸಿದ್ಧ. ಎಕ್ಸೆಲ್‌ನಲ್ಲಿ ‘ಟೇಬಲ್’ ಎಂಬ ಹೆಸರಿನ ಈ ಸೌಲಭ್ಯ 2007ರ ಆವೃತ್ತಿಯಿಂದ ಇದೆ.

ಇದರಿಂದ ಲಾಭವೇನು? ಬಿಸಿಲಿನ ಏರಿಕೆ ಕ್ರಮದಲ್ಲಿ ಜೋಡಿಸಿದರೆ ದಿನಾಂಕ, ಊರು, ಅಂಕಿ ಮೂರೂ ಒಟ್ಟಿಗೇ ಸರಿಯುತ್ತವೆ. ಬಿಡಿ ಹಾಳೆಯಲ್ಲಿ ಒಂದೇ ಕಾಲಂ ಜೋಡಿಸಿದರೆ ಸಿರುಗುಪ್ಪದ ಬಿಸಿಲು ಕುರುಗೋಡಿನ ಪಾಲಾಗುತ್ತದೆ. ಅಂಕಪಟ್ಟಿಯಲ್ಲಿ ಹೀಗಾದರೆ ಒಬ್ಬರ ಅಂಕ ಮತ್ತೊಬ್ಬರಿಗೆ! ತಲೆಬರಹದ ಬಾಣದ ಗುರುತಿನಿಂದ ಒಂದೇ ಊರನ್ನು ಆರಿಸಿ ನೋಡಬಹುದು. ಉಳಿದ ಸಾಲುಗಳು ಅಳಿಯುವುದಿಲ್ಲ, ಮರೆಯಾಗುತ್ತವೆ ಅಷ್ಟೆ. ಕೊನೆಯ ಸಾಲಿನ ಕೆಳಗೆ ಹೊಸ ಅಳತೆ ಬರೆದರೆ ಅದೂ ಕೋಷ್ಟಕ ಸೇರುತ್ತದೆ.

ಆದರೆ ಕೋಷ್ಟಕ ಕಾಗುಣಿತ ತಿದ್ದುವುದಿಲ್ಲ. ‘ಬಳ್ಳಾರಿ’ ಮತ್ತು ‘ಬಳ್ಳಾರಿ ನಗರ’ ಅದಕ್ಕೆ ಎರಡು ಊರು. 2014ರ ನವೆಂಬರ್ 1ರಂದು ಈ ನಗರದ ಇಂಗ್ಲಿಷ್ ಕಾಗುಣಿತವೇ ಬದಲಾಯಿತು. ಹಳೆಯ ಮತ್ತು ಹೊಸ ದಾಖಲೆಗಳನ್ನು ಹಾಗೆಯೇ ಒಂದಾಗಿಸಿದರೆ ಒಂದೇ ನಗರ ಎರಡಾಗಿ ಕಾಣುತ್ತದೆ. 2011ರ ಜನಗಣತಿಯ ಕಾಲಕ್ಕೆ ಕುರುಗೋಡು ಪ್ರತ್ಯೇಕ ತಾಲ್ಲೂಕಾಗಿರಲಿಲ್ಲ. ಆ ಅಂಕಿಗಳಲ್ಲಿ ಕುರುಗೋಡು ತಾಲ್ಲೂಕನ್ನು ಹುಡುಕಿದರೆ ಸಿಗದು. ಇದನ್ನೆಲ್ಲ ಗಮನಿಸಬೇಕಾದದ್ದು ಮನುಷ್ಯರೇ.

ಪೋಷಕರಿಗೆ ಇದು ಅಪರಿಚಿತ ವಿದ್ಯೆಯೇನಲ್ಲ. ಸಿರುಗುಪ್ಪದ ಭತ್ತದ ರೈತರೊಬ್ಬರು ತಾರೀಖು, ಚೀಲ, ದರ ಎಂದು ಗೆರೆ ಎಳೆದು, ಒಂದು ಮಾರಾಟಕ್ಕೆ ಒಂದು ಸಾಲು ಬರೆದಿಟ್ಟರೆ ಅದೂ ಕೋಷ್ಟಕವೇ. ಮಕ್ಕಳು ಕೀಲಿ ಒತ್ತುವ ಮುನ್ನ ಅಂಥ ಒಂದು ಲೆಕ್ಕದ ಪುಸ್ತಕ ತೆರೆದು ನೋಡಿದರೆ ಅರ್ಧ ಪಾಠ ಮುಗಿದಂತೆ.