ಕೂಸಿನ ನಾಲಿಗೆಗೆ ಬಜೆ ಬೇಡ
ಬಾಣಂತಿ ಇರುವ ಮನೆಯಲ್ಲಿ ಬಜೆಯ ತುಂಡು ಇದ್ದೇ ಇರುತ್ತದೆ. ಅದನ್ನು ದೀಪಕ್ಕೆ ಹಿಡಿದು ಸುಟ್ಟು, ಕಲ್ಲಿನ ಮೇಲೆ ತಾಯಿಹಾಲಿನಲ್ಲಿ ಒಂದೆರಡು ಸುತ್ತು ತೇದು, ಅಜ್ಜಿ ಬೆರಳ ತುದಿಯಿಂದ ಕೂಸಿನ ನಾಲಿಗೆಗೆ ಸವರುತ್ತಾಳೆ. ಹೊಟ್ಟೆಯುಬ್ಬರ ಇಳಿಯಲಿ, ಮಾತು ಬೇಗ ಬರಲಿ ಎಂದು. ಆ ಅಕ್ಕರೆಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ; ಅನುಮಾನವಿರುವುದು ಬಜೆಯ ಬಗ್ಗೆ. ತುಮಕೂರು ಜಿಲ್ಲೆಯ ಕೊರಟಗೆರೆ ಕಡೆ ಈ ಗಿಡವನ್ನು ಗದ್ದೆಯಲ್ಲೇ ಬೆಳೆಯುತ್ತಾರೆ. ನಾವು ತೇಯುವ ತುಂಡನ್ನು ಬೇರು ಎನ್ನುತ್ತೇವಾದರೂ ಅದು ಮಣ್ಣೊಳಗೆ ಅಡ್ಡಡ್ಡ ಹಬ್ಬುವ, ಗೆಣ್ಣುಗೆಣ್ಣಾದ ಕಾಂಡ; ಮುರಿದರೆ ಘಾಟು ಮೂಗಿಗೆ ಅಡರುತ್ತದೆ. ಆ ಘಾಟಿನ ಎಣ್ಣೆಯಲ್ಲೇ ಬೀಟಾ-ಅಸರೋನ್ ಎಂಬ ಅಂಶವಿದೆ, ನಮ್ಮ ದೇಶದ ಬಜೆಯಲ್ಲಂತೂ ಹೆಚ್ಚೇ ಇದೆ. ಈ ಎಣ್ಣೆ ತಿನ್ನಿಸಿದ ಇಲಿಗಳ ಕರುಳಿನಲ್ಲಿ ಗಡ್ಡೆ ಕಂಡದ್ದರಿಂದ ಅಮೆರಿಕ 1968ರಲ್ಲೇ ಆಹಾರದಲ್ಲಿ ಬಜೆಯನ್ನು ನಿಷೇಧಿಸಿತು. ಇಲಿಗೆ ಕೊಟ್ಟ ಪ್ರಮಾಣ ದೊಡ್ಡದು, ನಿಜ. ಆದರೆ ತೇಯುವ ಕೈಗೆ ಅಳತೆ ಎಲ್ಲಿದೆ? ಹೆಚ್ಚಾದರೆ ಎಳೆಗೂಸು ವಾಂತಿ ಮಾಡಿಕೊಂಡು ಸುಸ್ತಾಗುತ್ತದೆ. ಆಯುರ್ವೇದವೂ ವಚಾ ಎಂಬ ಹೆಸರಿನಲ್ಲಿ ಇದನ್ನು ವಾಂತಿ ಮಾಡಿಸುವ ಮದ್ದುಗಳ ಸಾಲಿಗೆ ಸೇರಿಸಿ, ಶುದ್ಧಿ ಮಾಡಿಯೇ ಬಳಸಲು ಹೇಳುತ್ತದೆ. ಗರ್ಭಿಣಿಯರೂ ಇದನ್ನು ಸೇವಿಸಬಾರದು. ಆರು ತಿಂಗಳವರೆಗೆ ಮಗುವಿಗೆ ತಾಯಿಹಾಲೇ ಸಾಕು. ಹೊಟ್ಟೆನೋವೆಂದು ಅತ್ತರೆ ದಯವಿಟ್ಟು ಮಕ್ಕಳ ವೈದ್ಯರಿಗೆ ತೋರಿಸಿ.