ಕಚೇರಿಗೆ ಸೈಕಲ್: ಆರಂಭ ಎಲ್ಲಿಂದ?

2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಸರಕು ಮತ್ತು ಸೇವಾ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಕಾರು, ಟಿ.ವಿ. ಅಗ್ಗವಾದ ಸಂಭ್ರಮದಲ್ಲಿ ಈ ಸುದ್ದಿ ಹೆಚ್ಚು ಜನರ ಗಮನಕ್ಕೆ ಬಂದಂತಿಲ್ಲ. ಪರಿಸರ ರಕ್ಷಣೆಯ ಹೆಸರಿನಲ್ಲಿ ವಿದ್ಯುತ್ ಕಾರಿನ ತೆರಿಗೆಯನ್ನು ಶೇ 5ಕ್ಕೆ ಇಳಿಸಿದ್ದು 2019ರ ಆಗಸ್ಟ್‌ನಲ್ಲಿ. ಅಂದರೆ ಹೊಗೆ ಉಗುಳದ, ವಿದ್ಯುತ್ತನ್ನೂ ಬೇಡದ ವಾಹನಕ್ಕೆ ನಾವು ಆರು ವರ್ಷಗಳ ಕಾಲ ಐಷಾರಾಮಿ ವಿದ್ಯುತ್ ಕಾರಿಗಿಂತ ಎರಡು ಪಟ್ಟಿಗೂ ಹೆಚ್ಚಿನ ದರದಲ್ಲಿ ತೆರಿಗೆ ವಿಧಿಸಿದೆವು. ಇದರಲ್ಲಿ ಯಾರ ದುರುದ್ದೇಶವೂ ಇದ್ದಿರಲಾರದು. ಕಡತಗಳ ನಡುವೆ ಮೂರು ದಶಕ ಕಳೆದ ನಾನು ಬಲ್ಲ ಸತ್ಯ ಇಷ್ಟೆ: ಯಾರೂ ಕೇಳದ ವಸ್ತುವಿನ ತೆರಿಗೆ ತಾನಾಗಿ ಇಳಿಯುವುದಿಲ್ಲ.

ಹಾಗೆಂದು ಸೈಕಲ್ ತುಳಿಯುವವರು ಕಡಿಮೆಯೇನಲ್ಲ. 2011ರ ಜನಗಣತಿಯ ಪ್ರಕಾರ, ಕೃಷಿ ಮತ್ತು ಗೃಹ ಕೈಗಾರಿಕೆಯ ಹೊರಗಿನ ದುಡಿಮೆಗಾರರಲ್ಲಿ ಸುಮಾರು ಶೇ 13ರಷ್ಟು ಮಂದಿ ಕೆಲಸಕ್ಕೆ ಹೋಗುತ್ತಿದ್ದುದು ಸೈಕಲ್‌ನಲ್ಲೇ. ಒಂದು ಕಾಲಕ್ಕೆ ಬೆಂಗಳೂರಿನ ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳ ಪಾಳಿ ಬಿಟ್ಟಾಗ ರಸ್ತೆ ತುಂಬ ಸೈಕಲ್‌ಗಳೇ ಇರುತ್ತಿದ್ದವು. ಇಂದು ಬೆಳಿಗ್ಗೆ ಆರು ಗಂಟೆಗೆ ಹೊರಬಂದು ನೋಡಿದರೆ ಪತ್ರಿಕೆ ಹಂಚುವವರು, ಕಾವಲುಗಾರರು, ಹೋಟೆಲ್ ಕಾರ್ಮಿಕರು ಕಾಣುತ್ತಾರೆ. ಅವರಿಗೆ ಬೇರೆ ಆಯ್ಕೆಯಿಲ್ಲ. ಸಂಪಾದಕರಿಗೆ ಪತ್ರ ಬರೆಯುವ ಬಿಡುವೂ ಇಲ್ಲ. ಬರೆಯಬಲ್ಲ ನಮ್ಮ ವರ್ಗವಾದರೋ, ಭಾನುವಾರ ಗೇರ್ ಸೈಕಲ್ಲೇರಿ ನಂದಿಬೆಟ್ಟ ಹತ್ತಿ, ಸೋಮವಾರ ನಾಲ್ಕು ಕಿಲೊಮೀಟರ್ ದೂರದ ಕಚೇರಿಗೆ ಕಾರಿನಲ್ಲಿ ಹೋಗುತ್ತದೆ.

ಸೋಮವಾರದ ಸೈಕಲ್ ಆರಂಭಿಸುವುದು ಕಷ್ಟವಲ್ಲ. ನಿವೃತ್ತಿಗೆ ಮುನ್ನ ಐದು ವರ್ಷ, ಐದೂವರೆ ಕಿಲೊಮೀಟರ್ ದೂರದ ಕಚೇರಿಗೆ ನಾನು ಸೈಕಲ್‌ನಲ್ಲೇ ಹೋಗಿಬಂದೆ. ಆತುರವಿಲ್ಲದೆ ತುಳಿದರೂ ಗಂಟೆಗೆ 15 ಕಿಲೊಮೀಟರ್ ವೇಗ ಸಾಧ್ಯ. ಇಪ್ಪತ್ತೆರಡು ನಿಮಿಷದ ದಾರಿ. ದೂರ ಎಂಟು ಕಿಲೊಮೀಟರ್ ಮೀರಿದರೆ ಮನೆಯಿಂದ ಮೆಟ್ರೊ ನಿಲ್ದಾಣದವರೆಗೆ ಮಾತ್ರ ತುಳಿದರೂ ಸಾಕು. ಹೊಸ ಸೈಕಲ್ ಕೊಳ್ಳುವ ಮೊದಲು ಮೂಲೆಯಲ್ಲಿ ತುಕ್ಕು ಹಿಡಿದಿರುವುದನ್ನೇ ರಿಪೇರಿ ಮಾಡಿಸಿ. ಪೆಡಲ್ ಅತ್ಯಂತ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗುವಷ್ಟು ಸೀಟು ಎತ್ತರವಿರಲಿ. ಮೊಣಕಾಲು ನೋವೆಂದು ಸೈಕಲ್ ಬಿಟ್ಟ ಅನೇಕರ ಸೀಟು ತೀರಾ ತಗ್ಗಿನಲ್ಲಿದ್ದುದನ್ನು ಕಂಡಿದ್ದೇನೆ. ಎರಡೂ ಬ್ರೇಕು, ಗಂಟೆ, ಮುಂದೊಂದು ದೀಪ, ಹಿಂದೊಂದು ಕೆಂಪು ದೀಪ, ತಲೆಗೆ ಹೆಲ್ಮೆಟ್, ಮಳೆಗಾಲಕ್ಕೆ ಮಡ್‌ಗಾರ್ಡ್ ಅಗತ್ಯ. ಚೀಲವನ್ನು ಬೆನ್ನಿಗೇರಿಸದೆ ಕ್ಯಾರಿಯರ್‌ಗೆ ಕಟ್ಟಿದರೆ ಅರ್ಧ ಬೆವರು ಉಳಿಯುತ್ತದೆ. ಉಳಿದರ್ಧಕ್ಕೆ ಕಚೇರಿಯಲ್ಲೊಂದು ಅಂಗಿ ಇಟ್ಟಿರಬೇಕು. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿ ಬದುಕುವ ನಾವು ಬಿಸಿಲನ್ನು ದೂರುವುದು ಚೆನ್ನೈನವರ ಮುಂದೆ ಶೋಭಿಸದು.

ಕಾರಿನ ದಾರಿಯೇ ಸೈಕಲ್ಲಿನ ದಾರಿಯಾಗಬೇಕಿಲ್ಲ. ಒಂದು ಭಾನುವಾರ ಬೆಳಿಗ್ಗೆ ಕಚೇರಿಯವರೆಗೆ ಹೋಗಿ, ಮೇಲ್ಸೇತುವೆಗಳನ್ನು ತಪ್ಪಿಸುವ ಒಳರಸ್ತೆಗಳನ್ನು ಗುರುತಿಸಿಕೊಳ್ಳಿ. ನಿಂತ ಕಾರುಗಳಿಂದ ಒಂದು ಮೀಟರ್ ಅಂತರವಿರಲಿ; ಬಾಗಿಲು ಯಾವಾಗ ತೆರೆದೀತೆಂದು ಹೇಳಲಾಗದು. ನಿಲ್ದಾಣಕ್ಕೆ ಬರುತ್ತಿರುವ ಬಸ್ಸಿನ ಎಡಕ್ಕೆ ಎಂದೂ ನುಗ್ಗಬೇಡಿ. ಮೊದಲ ತಿಂಗಳು ವಾರಕ್ಕೆ ಎರಡು ದಿನ ಸಾಕು.

ಇಷ್ಟೆಲ್ಲ ಹೇಳಿದರೂ ಭಯ ನಿಜ. ಆ ಭಯ ಹುಟ್ಟಿರುವುದು ರಸ್ತೆಯ ಲೆಕ್ಕಾಚಾರದಲ್ಲಿಯೇ. ನಮ್ಮ ಸಾರಿಗೆ ತಂತ್ರಜ್ಞರು ಎಲ್ಲ ವಾಹನಗಳನ್ನೂ ಕಾರಿನ ಮಾನಕ್ಕೆ ಪರಿವರ್ತಿಸಿ ಎಣಿಸುತ್ತಾರೆ. ಆ ಲೆಕ್ಕದಲ್ಲಿ ಸೈಕಲ್ ಕಾರಿನ ಒಂದು ಭಿನ್ನರಾಶಿ ಮಾತ್ರ; ಒಳಗಿರುವ ಮನುಷ್ಯರನ್ನು ಆ ಮಾನ ಎಣಿಸುವುದಿಲ್ಲ. ವಾಹನಗಳಲ್ಲ, ಜನರ ಚಲನೆ ಮುಖ್ಯ ಎಂದು ರಾಷ್ಟ್ರೀಯ ನಗರ ಸಾರಿಗೆ ನೀತಿ ಸಾರಿದ್ದು 2006ರಲ್ಲಿ. ಸೈಕಲ್ ಪಥದ ವಿನ್ಯಾಸಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಸಂಹಿತೆ ಇರುವುದಂತೂ 1962ರಿಂದ. ನಿಯಮಕ್ಕೆ ಕೊರತೆಯಿಲ್ಲ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಸಣ್ಣ ಕಂಬಗಳನ್ನು ನೆಟ್ಟು ಸೈಕಲ್ ಪಥ ಮಾಡಲಾಯಿತು. ದ್ವಿಚಕ್ರ ವಾಹನಗಳು ಅದರೊಳಗೆ ನುಗ್ಗಿದವು, ಕಂಬಗಳು ಕಾಣೆಯಾದವು. ಬಳಸುವವರಿಲ್ಲ ಎಂದು ಪಥ ಉಳಿಸಲಿಲ್ಲ. ಪಥವಿಲ್ಲ ಎಂದು ಬಳಸುವವರು ಬರಲಿಲ್ಲ. ಈ ವರ್ತುಲವನ್ನು ಯಾರಾದರೂ ಒಂದು ಕಡೆ ಮುರಿಯಲೇಬೇಕು.

ಇನ್ನೊಂದು ತೊಡಕನ್ನು ಯಾವ ಸಂಹಿತೆಯೂ ಹೇಳುವುದಿಲ್ಲ. ಸಭೆಯೊಂದಕ್ಕೆ ಸೈಕಲ್‌ನಲ್ಲಿ ಹೋದ ನನ್ನನ್ನು ಕಾವಲುಗಾರ ಗೇಟಿನಲ್ಲೇ ತಡೆದು, ‘ಸಾಮಾನು ತರೋರೆಲ್ಲ ಹಿಂದಿನ ಗೇಟಿಗೆ ಹೋಗ್ಬೇಕು’ ಎಂದ. ಅವನಿಗೆ ಕೊಟ್ಟ ಸೂಚನೆ ಅದು. ನಾನು ಹಿಂದಿನ ಗೇಟಿನಿಂದಲೇ ಒಳಹೋದೆ. ಅಲ್ಲಿ ಕಂಬಕ್ಕೆ ಸರಪಳಿ ಬಿಗಿದು, ಬಿಸಿಲಿನಲ್ಲಿ ಹತ್ತು ಹನ್ನೆರಡು ಸೈಕಲ್ ನಿಲ್ಲಿಸಿದ್ದರು.

ಕರ್ನಾಟಕ ಸರ್ಕಾರ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲಾರಂಭಿಸಿತು. ಆ ಮೊದಲ ತಂಡದವರಿಗೆ ಈಗ ಮೂವತ್ತು ದಾಟಿದೆ. ಅವರಲ್ಲಿ ಅನೇಕರು ಇದೇ ನಗರದಲ್ಲಿ ದುಡಿಯುತ್ತಿರಬೇಕು. ಶಾಲೆಗೆ ಸೈಕಲ್ ಕೊಟ್ಟ ಸಮಾಜ, ಕಚೇರಿಗೆ ಸೈಕಲ್‌ನಲ್ಲಿ ಬಂದರೆ ಹಿಂದಿನ ಗೇಟು ತೋರಿಸುತ್ತಿದೆ.

ಓದುಗರು ತಮ್ಮ ಕಚೇರಿಯ ಆಡಳಿತಕ್ಕೆ ಒಂದು ಪುಟದ ಮನವಿ ಬರೆಯಬಹುದು. ಒಂದು ಕಾರು ನಿಲ್ಲುವ ಜಾಗದಲ್ಲಿ ಹತ್ತು ಸೈಕಲ್ ನಿಲ್ಲುತ್ತವೆ. ಆ ಒಂದು ಜಾಗ, ಮುಂದಿನ ಗೇಟಿನ ಬಳಿ, ಮೇಲೊಂದು ತಗಡಿನ ಸೂರು, ಪಕ್ಕದಲ್ಲಿ ಗಾಳಿ ಹೊಡೆಯುವ ಪಂಪು. ಹುದ್ದೆ ನೋಡದೆ ಎಲ್ಲರಿಗೂ ಅಲ್ಲಿ ಅವಕಾಶವಿರಬೇಕೆಂಬ ಸಾಲನ್ನು ಮನವಿಯಲ್ಲಿ ಮರೆಯದೆ ಸೇರಿಸಿ.