ಹದಿನೇಳು ವರ್ಷ ಎಂಟು ತಿಂಗಳಿನ ಹುಡುಗಿ ಯಾವ ಇಲಾಖೆಗೆ ಸೇರಿದವಳು?

ಸರ್ಕಾರಿ ಸುತ್ತೋಲೆಗಳಲ್ಲಿ ಸವೆದು ಸವೆದು ನುಣುಪಾಗಿಬಿಟ್ಟ ಒಂದು ಪದವಿದೆ: ‘ಸಮನ್ವಯ’. ಇಲಾಖೆಗಳ ಸಮನ್ವಯ, ಯೋಜನೆಗಳ ಸಮನ್ವಯ, ಸಮನ್ವಯ ಸಮಿತಿ, ಅದಕ್ಕೊಂದು ಉಪಸಮಿತಿ. ಇದು ಅಧಿಕಾರಿಗಳ ತಲೆನೋವು, ವರದಕ್ಷಿಣೆ ಮತ್ತು ಕೌಟುಂಬಿಕ ದೌರ್ಜನ್ಯದ ವಿರುದ್ಧ ಹೋರಾಡುವ ನಮಗೆ ಇದರಲ್ಲೇನು ಕೆಲಸ ಎಂದು ಕೇಳುವ ಗೆಳತಿಯರಿದ್ದಾರೆ. ನಾನು ಈ ಮಾತನ್ನು ಒಪ್ಪುವುದಿಲ್ಲ. ಹದಿನೈದರಿಂದ ಹತ್ತೊಂಬತ್ತರ ನಡುವಿನ ಹುಡುಗಿಯ ಸುತ್ತ ನಮ್ಮ ಸೇವೆಗಳು ಒಂದನ್ನೊಂದು ಮುಟ್ಟದೆ ನಿಂತಿವೆಯಲ್ಲ, ಆ ಸಂದಿನಲ್ಲೇ ಅವಳ ಮದುವೆ ಗೊತ್ತಾಗುತ್ತದೆ, ವರೋಪಚಾರದ ಮಾತುಕತೆ ನಡೆಯುತ್ತದೆ, ಮುಂದಿನ ಹೊಡೆತಗಳಿಗೆ ನೆಲ ಹದವಾಗುತ್ತದೆ.

ಒಂದು ಗ್ರಾಮ ಪಂಚಾಯಿತಿಯನ್ನೇ ನೋಡೋಣ. ಹತ್ತನೆಯ ತರಗತಿಯವರೆಗೆ ಹುಡುಗಿಯ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಹೊಣೆ ಹದಿನಾಲ್ಕು ವಯಸ್ಸಿಗೆ ಮುಗಿಯುತ್ತದೆ. ಪಿಯುಸಿಗೆ ಸೇರಲಿಲ್ಲ ಎಂದರೆ ಯಾಕೆ ಸೇರಲಿಲ್ಲ ಎಂದು ವಿಚಾರಿಸಬೇಕಾದವರು ಯಾರು? ಶಾಲೆ ವರ್ಗಾವಣೆ ಪತ್ರ ಕೊಟ್ಟು ಕೈತೊಳೆದುಕೊಂಡಿರುತ್ತದೆ, ಕಾಲೇಜಿಗೆ ಅವಳು ಬಂದೇ ಇರುವುದಿಲ್ಲ. ಅಂಗನವಾಡಿ ಕಾರ್ಯಕರ್ತೆಗೆ ಅವಳು ಗೊತ್ತು, ಆದರೆ ಆಕೆಯ ಕಣ್ಣು ಗರ್ಭಿಣಿಯರು, ಬಾಣಂತಿಯರು, ಆರು ವರ್ಷದೊಳಗಿನ ಮಕ್ಕಳ ಮೇಲಿರಬೇಕು. ಆಶಾ ಕಾರ್ಯಕರ್ತೆಗೂ ಗೊತ್ತು, ಆಕೆಯ ನಮೂನೆಯಲ್ಲಿ ‘ಅಪ್ಪ ಹೊಡೆಯುತ್ತಾನೆ’ ಎಂದು ಬರೆಯುವ ಕಾಲಮ್ಮು ಇಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರಿಗಾಗಿ ಸ್ನೇಹ ಕ್ಲಿನಿಕ್ಕು. ನಿಮ್ಹಾನ್ಸ್ ನೆರವಿನ ಯುವ ಸ್ಪಂದನ ಕೇಂದ್ರ ಜಿಲ್ಲಾ ಕ್ರೀಡಾಂಗಣದಲ್ಲಿ. ಹದಿನೇಳರ ಹಳ್ಳಿ ಹುಡುಗಿ ಮನೆಯಲ್ಲಿ ಏನು ಹೇಳಿ ಕ್ರೀಡಾಂಗಣಕ್ಕೆ ಹೋಗಬೇಕು, ದಯವಿಟ್ಟು ಯಾರಾದರೂ ತಿಳಿಸಿ. ಸಾಂತ್ವನ ಒಂದು ಕಡೆ, ಸಖಿ ಇನ್ನೊಂದು ಕಡೆ. ಮಕ್ಕಳ ಸಹಾಯವಾಣಿ 1098 ಇದೆ. ಅದನ್ನು 2023ರಲ್ಲಿ ಸ್ವಯಂಸೇವಾ ಸಂಸ್ಥೆಗಳ ಕೈಯಿಂದ ಸರ್ಕಾರ ವಹಿಸಿಕೊಂಡು 112ರ ತುರ್ತು ಜಾಲಕ್ಕೆ ಜೋಡಿಸಿತು. ಪಂಚಾಯಿತಿಯಲ್ಲಿ ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿ, ಮಕ್ಕಳ ರಕ್ಷಣಾ ಸಮಿತಿ, ಕಾವಲು ಸಮಿತಿ, ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ. ಇಷ್ಟೆಲ್ಲ ಇದೆ. ಇದ್ದೂ ಆ ಹುಡುಗಿ ಒಬ್ಬಂಟಿ.

ಇದರೊಳಗಿನ ವಿಚಿತ್ರವೊಂದನ್ನು ಗಮನಿಸಬೇಕು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಅಂಗನವಾಡಿಗಳನ್ನು ನೋಡಿಕೊಳ್ಳುತ್ತಾರೆ. ಬಾಲ್ಯವಿವಾಹ ನಿಷೇಧಾಧಿಕಾರಿಯೂ ಅವರೇ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಸಂರಕ್ಷಣಾಧಿಕಾರಿಯೂ ಅವರೇ. ಕುರ್ಚಿ ಒಂದು, ಟೊಪ್ಪಿಗೆ ಮೂರು. ಹೀಗಿದ್ದ ಮೇಲೆ ಸಮನ್ವಯಕ್ಕೆ ಬೇರೆ ಸಭೆಯೇಕೆ? ಆದರೂ ಒಂದೇ ಮೇಜಿನ ಮೇಲಿನ ಮೂರು ಕಡತಗಳು ಪರಸ್ಪರ ಮಾತಾಡುವುದಿಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ. ನೂರಾರು ಅಂಗನವಾಡಿಗಳ ಮೊಟ್ಟೆ, ಬೇಳೆ, ಬಾಡಿಗೆಯ ಲೆಕ್ಕ ಮುಗಿದ ಮೇಲೆ ಉಳಿಯುವ ಸಮಯದಲ್ಲಿ ಹೆಣ್ಣಿನ ಸಂರಕ್ಷಣೆ ಆಗಬೇಕು ಎಂದು ಸರ್ಕಾರವೇ ತೀರ್ಮಾನಿಸಿಬಿಟ್ಟಿದೆ.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಅರ್ಥಶಾಸ್ತ್ರ ಪಾಠ ಮಾಡಿದೆ. ಎರಡನೆಯ ಪಿಯುಸಿಯ ದಸರಾ ರಜೆ ಮುಗಿದ ಮೇಲೆ ಹಾಜರಿ ಪುಸ್ತಕದಲ್ಲಿ ಕೆಲವು ಹುಡುಗಿಯರ ಹೆಸರಿನ ಮುಂದೆ ಸೊನ್ನೆಗಳು ಸಾಲುಗಟ್ಟುತ್ತಿದ್ದವು. 2019ರಲ್ಲಿ ಅಂಥ ಒಬ್ಬ ಹುಡುಗಿ, ಹೆಸರು ಬೇಡ, ತಾನೇ ಬಂದು ಬೆನ್ನು ತೋರಿಸಿದಳು. ತಂದೆಯ ಬೆಲ್ಟಿನ ಗುರುತು. ಸೋದರಮಾವನ ಕಡೆಯ ಸಂಬಂಧಕ್ಕೆ ಒಲ್ಲೆ ಎಂದದ್ದಕ್ಕೆ. ಅವಳಿಗಾಗ ಹದಿನೇಳು ವರ್ಷ ಎಂಟು ತಿಂಗಳು. ಮಕ್ಕಳ ಕಚೇರಿಯಲ್ಲಿ, ‘ಇನ್ನು ನಾಲ್ಕು ತಿಂಗಳಿಗೆ ಹದಿನೆಂಟು ತುಂಬುತ್ತದಲ್ಲ ಮೇಡಂ, ಮಹಿಳಾ ಕೇಂದ್ರಕ್ಕೆ ಹೋಗಿ’ ಎಂದರು. ಮಹಿಳಾ ಕೇಂದ್ರದಲ್ಲಿ, ‘ಅಪ್ರಾಪ್ತಳು, ಮಕ್ಕಳ ಕಚೇರಿಗೆ ಕರೆದುಕೊಂಡು ಹೋಗಿ’ ಎಂದರು. ನಿಯಮದಲ್ಲಿ ಅಂಥ ಕೇಂದ್ರದ ಬಾಗಿಲು ಹದಿನೆಂಟು ತುಂಬದವರಿಗೂ ತೆರೆದಿದೆ ಎಂದು ನಾನು ತೋರಿಸಿದ್ದಕ್ಕೆ, ಮೇಲಿನಿಂದ ಲಿಖಿತ ಆದೇಶ ಬೇಕು ಎಂಬ ಉತ್ತರ. ಠಾಣೆಯಲ್ಲಿ, ‘ಅಪ್ಪ ತಾನೇ ಹೊಡೆದಿರೋದು?’ ಹಾಸ್ಟೆಲ್ಲಿನಲ್ಲಿ, ಪ್ರವೇಶದ ಅವಧಿ ಜುಲೈಗೇ ಮುಗಿದಿದೆ. ನಾಲ್ಕು ಕಚೇರಿ, ಮೂರು ದಿನ, ಬಸ್ ಚಾರ್ಜು ನನ್ನದು. ನಾಲ್ಕನೆಯ ದಿನ ಅವಳ ದೊಡ್ಡಪ್ಪ ಬಂದು ಕರೆದುಕೊಂಡು ಹೋದರು.

ಹದಿನೆಂಟು ತುಂಬಿದ ಮರುವಾರವೇ ಮದುವೆ. ನಾಲ್ಕು ತೊಲ ಬಂಗಾರ, ಒಂದು ಬೈಕು. ಬಾಲ್ಯವಿವಾಹವಲ್ಲ, ಆದ್ದರಿಂದ ಆ ವರ್ಷದ ತಾಲ್ಲೂಕಿನ ವರದಿಯಲ್ಲಿ ಅವಳು ಸಾಧನೆಯ ಲೆಕ್ಕಕ್ಕೆ ಸೇರಿದಳು. ಎರಡು ವರ್ಷದೊಳಗೆ ಮುರಿದ ಕೈಯೊಂದಿಗೆ ಅವಳು ಅದೇ ಮಹಿಳಾ ಕೇಂದ್ರಕ್ಕೆ ಹೋದಾಗ ಹೊಸ ಕಡತ ತೆರೆದರು. ‘ಹಿಂದೆ ಯಾವುದಾದರೂ ದೂರು ನೀಡಿದ್ದೀರಾ?’ ಎಂಬ ಕಾಲಮ್ಮಿನಲ್ಲಿ ‘ಇಲ್ಲ’ ಎಂದು ಬರೆದುಕೊಂಡರಂತೆ. ನಾಲ್ಕು ಬಾಗಿಲು ಬಡಿದವಳ ದೂರು ಒಂದು ಕಡೆಯೂ ದಾಖಲಾಗಿರಲಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ಶೇ. 21.3ರಷ್ಟು ಮಂದಿಗೆ ಹದಿನೆಂಟರೊಳಗೇ ಮದುವೆಯಾಗಿತ್ತು. ಅದೇ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ ವಿವಾಹಿತೆಯರು ಶೇ. 44.4, ಅದರ ಹಿಂದಿನ ಸಮೀಕ್ಷೆಯಲ್ಲಿ ಇದು 20.6 ಇತ್ತು. ಕಾನೂನು ಕಡಿಮೆಯಾಗಿ ಹೀಗಾಯಿತೆ? 2011ರಲ್ಲಿ ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ ಬಾಲ್ಯವಿವಾಹದ ಬಗ್ಗೆ ವರದಿ ಕೊಟ್ಟಿತು. ಬಾಲ್ಯವಿವಾಹ ಮೊದಲಿಂದಲೇ ಅಸಿಂಧು ಎಂದು 2016ರಲ್ಲಿ ನಮ್ಮ ರಾಜ್ಯ ತಿದ್ದುಪಡಿ ಮಾಡಿತು. 2005ರ ಕಾಯ್ದೆ ಗಂಡನ ಮನೆಗಷ್ಟೇ ಸೀಮಿತವಲ್ಲ; ತಂದೆ ಹೊಡೆದರೂ, ಅಣ್ಣ ಹೊಡೆದರೂ ಅದರ ಆಶ್ರಯ ಕೇಳಬಹುದು. ಆದರೆ ತವರಿನ ಹಿಂಸೆಯನ್ನು ಹಿಂಸೆ ಎಂದು ಕರೆಯಲು ನಮ್ಮ ಕಚೇರಿಗಳಿಗೇ ನಾಲಿಗೆ ಏಳುವುದಿಲ್ಲ. ವರದಕ್ಷಿಣೆ ಅತ್ತೆಮನೆಯ ಪಾಪವೆಂದಷ್ಟೇ ಕಾಣುವ ತನಕ, ಮಗಳನ್ನು ಬೇಗ ದಾಟಿಸಿದರೆ ಕಡಿಮೆಗೆ ಮುಗಿಯುತ್ತದೆ ಎಂದು ತವರು ಹಾಕುವ ಲೆಕ್ಕ ಯಾರ ಕಣ್ಣಿಗೂ ಬೀಳದು. ವಯಸ್ಸು ಏರಿದಂತೆ, ಓದು ಏರಿದಂತೆ ವರನ ಬೆಲೆಯೂ ಏರುತ್ತದೆ. ಇದು ನಾನು ಕಲಿಸಿದ ಅರ್ಥಶಾಸ್ತ್ರದ ಪಠ್ಯದಲ್ಲಿರಲಿಲ್ಲ, ತರಗತಿಯ ಎಲ್ಲ ಹುಡುಗಿಯರಿಗೂ ಗೊತ್ತಿತ್ತು.

ಹುಡುಗರ ಮಾತೂ ಇಲ್ಲಿ ಬರಬೇಕು. ಯುವಜನ ಸೇವೆ ಎಂದರೆ ನಮ್ಮಲ್ಲಿ ಕಬಡ್ಡಿ ಅಂಕಣ, ಯುವಕ ಮಂಡಲದ ಬ್ಯಾನರು. ಅಮ್ಮನಿಗೆ ಅಪ್ಪ ಹೊಡೆಯುವುದನ್ನು ಹದಿನಾರು ವರ್ಷ ನೋಡಿದ ಹುಡುಗನನ್ನು ಯಾರೂ ಕೂರಿಸಿಕೊಂಡು ಕೇಳುವುದಿಲ್ಲ. ಐದಾರು ವರ್ಷ ಕಳೆದರೆ ಅವನೇ ವರ.

ಸೇವೆಗಳು ಜೋಡಿಯಾಗದೆ ಮಗು ಸಾಯುವುದು ಬಡದೇಶದ ಕಥೆಯೆಂದು ತಿಳಿಯಬೇಡಿ. 2000ನೇ ಇಸವಿಯಲ್ಲಿ ಲಂಡನ್ನಿನಲ್ಲಿ ವಿಕ್ಟೋರಿಯಾ ಕ್ಲಿಂಬಿಯೆ ಎಂಬ ಎಂಟು ವರ್ಷದ ಹುಡುಗಿ, ಸಾಕಲು ತಂದಿಟ್ಟುಕೊಂಡವರ ಹಿಂಸೆಯಿಂದ ಸತ್ತಳು. ಸ್ಥಳೀಯ ಕೌನ್ಸಿಲ್‌ಗಳು, ಎರಡು ಆಸ್ಪತ್ರೆಗಳು, ಪೊಲೀಸರು ಎಲ್ಲರೂ ಅವಳನ್ನು ಕಂಡಿದ್ದರು. ಉಳಿಸಲು ಕನಿಷ್ಠ 12 ಅವಕಾಶಗಳಿದ್ದವು ಎಂದು 2003ರಲ್ಲಿ ಲಾರ್ಡ್ ಲ್ಯಾಮಿಂಗ್ ವಿಚಾರಣಾ ವರದಿ ಹೇಳಿತು. 2004ರ ಕಾಯ್ದೆಯ ಮೂಲಕ ಕೌನ್ಸಿಲ್ಲಿನಲ್ಲಿ ಮಕ್ಕಳ ಸೇವೆಗಳಿಗೆಲ್ಲ ಹೊಣೆಯಾಗುವ ಒಬ್ಬ ನಿರ್ದೇಶಕ ಇರಲೇಬೇಕೆಂದು ಮಾಡಿದರು. ಎಲ್ಲ ಸರಿಹೋಯಿತೆ? ಇಲ್ಲ. ವಿಕ್ಟೋರಿಯಾ ಪ್ರಕರಣದಲ್ಲಿ ಹೆಸರು ಕೆಟ್ಟಿದ್ದ ಹ್ಯಾರಿಂಗೇಯಲ್ಲೇ 2007ರಲ್ಲಿ ಇನ್ನೊಂದು ಕೂಸು ಹಾಗೆಯೇ ಸತ್ತಿತು. ಆದರೆ ಆಗ ಉತ್ತರ ಹೇಳಬೇಕಾದವರು ಯಾರು ಎಂಬುದು ಎಲ್ಲರಿಗೂ ತಿಳಿದಿತ್ತು. ನಮ್ಮಲ್ಲಿ ಅದೂ ಇಲ್ಲ.

ಅದೇ ಇಂಗ್ಲೆಂಡಿನಿಂದ ಇನ್ನೊಂದು ಪಾಠವಿದೆ. ದೇಶದ ಎಲ್ಲ ಮಕ್ಕಳ ವಿವರವನ್ನು ಒಂದೇ ಕಂಪ್ಯೂಟರಿಗೆ ತುಂಬಿದ ‘ಕಾಂಟ್ಯಾಕ್ಟ್‌ಪಾಯಿಂಟ್’ ವ್ಯವಸ್ಥೆಯನ್ನು, ಖಾಸಗಿ ಸಂಗತಿಗಳು ಯಾರ್‍ಯಾರ ಕೈಗೋ ಹೋಗುತ್ತವೆಂಬ ಆಕ್ಷೇಪದ ನಡುವೆ 2010ರಲ್ಲಿ ಮುಚ್ಚಿದರು. ಒಂದು ಆ್ಯಪ್ ಮಾಡಿದರೆ ಸಮನ್ವಯವಾಯಿತು ಎನ್ನುವ ನಮ್ಮ ಉತ್ಸಾಹಿಗಳು ಇದನ್ನು ಯೋಚಿಸಲಿ. ಪಂಚಾಯಿತಿ ಎಂದರೆ ಯಾರು? ಹುಡುಗಿಯ ದೊಡ್ಡಪ್ಪ, ಮಾವ, ಅಪ್ಪನಿಗೆ ಸಾಲ ಕೊಟ್ಟವರು. ಅಲ್ಲಿಯ ಮೇಜಿಗೆ ಅವಳ ಗುಟ್ಟು ಬಂದರೆ ಸಂಜೆಯೊಳಗೆ ಅಂಗಡಿಕಟ್ಟೆಗೆ ಬರುತ್ತದೆ. ಪೋಕ್ಸೊ ಕಾಯ್ದೆಯ ಕಡ್ಡಾಯ ವರದಿಯ ಭಯಕ್ಕೆ ಹದಿನೇಳರ ಗರ್ಭಿಣಿ ಆಸ್ಪತ್ರೆಯ ಮೆಟ್ಟಿಲು ಹತ್ತದಿರುವುದೂ ಉಂಟು. ಜಾತಿ ಮೀರಿ ಪ್ರೀತಿಸಿದವಳನ್ನು ಹಿಡಿದು ತರಲು ಇಲಾಖೆಗಳು ಎಷ್ಟು ಚೆನ್ನಾಗಿ ಒಗ್ಗೂಡುತ್ತವೆ ಎಂಬುದನ್ನು ಬಲ್ಲೆವು. ಅಂಥ ಒಗ್ಗೂಡಿಕೆ ನಮಗೆ ಬೇಡ.

ಹಾಗಾದರೆ ಬೇಕಾದದ್ದೇನು? ಒಬ್ಬ ಹೆಣ್ಣುಮಗಳು. ಎರಡೋ ಮೂರೋ ಪಂಚಾಯಿತಿಗೆ ಒಬ್ಬಳಂತೆ, ಆ ಊರಿನವಳಲ್ಲದ, ಪೂರ್ಣ ಸಂಬಳದ, ಗೌರವಧನದ್ದಲ್ಲದ ಹುದ್ದೆ. ಹನ್ನೆರಡರಿಂದ ಇಪ್ಪತ್ತೊಂದರವರೆಗಿನವರು ಅವಳ ಹೊಣೆ, ಹದಿನೆಂಟರ ಗೆರೆ ಅವಳಿಗೆ ಇರಬಾರದು. ಹದಿನೈದು ದಿನ ಸತತ ಗೈರಾದವರ ಹೆಸರನ್ನು ಶಾಲೆ, ಕಾಲೇಜು ಅವಳಿಗೆ ಕೊಡಲೇಬೇಕು. ಹುಡುಗಿ ಒಪ್ಪಿದರೆ ಮಾತ್ರ ಮುಂದಿನ ಕಚೇರಿಗೆ ವಿಷಯ ಹೋಗಬೇಕು. ಹೋದಾಗ ಹುಡುಗಿ ಮತ್ತೆ ಮೊದಲಿನಿಂದ ಕಥೆ ಹೇಳುವಂತಾಗಬಾರದು. ಪ್ರತಿ ತಾಲ್ಲೂಕಿನ ಹಾಸ್ಟೆಲ್ಲಿನಲ್ಲಿ ವರ್ಷದ ಯಾವ ದಿನವಾದರೂ, ಜಾತಿ, ಆದಾಯದ ಪ್ರಮಾಣಪತ್ರವನ್ನು ನಂತರ ತರುವಂತೆ, ಕೆಲವು ಹಾಸಿಗೆ ಖಾಲಿ ಇಡಬೇಕು. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಹದಿನೆಂಟರ ನಂತರದ ಆಸರೆ ಇದೆ, ಆದರೆ ಅದು ಬಾಲಮಂದಿರದಿಂದ ಹೊರಬಂದವರಿಗೆ. ಮನೆಯಲ್ಲೇ ಏಟು ತಿಂದವಳಿಗೂ ಅದು ದಕ್ಕಬೇಕು.

ದುಡ್ಡೆಲ್ಲಿ ಎನ್ನುತ್ತಾರೆ. ದುಡ್ಡಿಗಿಂತ ಮೊದಲು ಜವಾಬ್ದಾರಿಯ ಪ್ರಶ್ನೆ ಇದೆ. 73ನೇ ತಿದ್ದುಪಡಿಯ 29 ವಿಷಯಗಳಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿಯೂ ಒಂದು. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯನ್ನೇ ನಡೆಸಲಿಲ್ಲ. ಇಲಾಖೆಗಳನ್ನು ಎದುರಿಗೆ ಕೂರಿಸಿ ಪ್ರಶ್ನೆ ಕೇಳಬೇಕಾದ ಜಾಗವನ್ನೇ ಖಾಲಿಬಿಟ್ಟು ಸಮನ್ವಯದ ಭಾಷಣ ಮಾಡಿದರು.

ಈಗ ಉಳಿದಿರುವುದು ಗ್ರಾಮಸಭೆ. ನಿಮ್ಮ ಊರಿನ ಮುಂದಿನ ಮಹಿಳಾ ಗ್ರಾಮಸಭೆಗೆ ನಾಲ್ಕಾರು ಮಂದಿ ಒಟ್ಟಾಗಿ ಹೋಗಿ. ಹೋದ ವರ್ಷ ಹತ್ತನೆಯ ತರಗತಿ ಮುಗಿಸಿದ ಹುಡುಗಿಯರೆಷ್ಟು, ಅವರಲ್ಲಿ ಎಷ್ಟು ಮಂದಿ ಈಗ ಎಲ್ಲಿದ್ದಾರೆ ಎಂಬ ಎರಡೇ ಪ್ರಶ್ನೆ ಕೇಳಿ. ಹೆಸರು ಕೇಳಬೇಡಿ, ಸಂಖ್ಯೆ ಸಾಕು. ಉತ್ತರ ಇಲ್ಲವೆಂದರೆ, ಇಲ್ಲವೆಂದೇ ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿ, ಪ್ರತಿ ತೆಗೆದುಕೊಂಡು ಬನ್ನಿ.